ಅರ್ಧ ಸುತ್ತು

ಅಯ್ಯೋ, ಹಾಗೆ ಅಲ್ಲಾಡಿಸಬೇಡಿ! ಕೊಡಿ ಇಲ್ಲಿ… ಮಗುವಿನ ಗಿಲಕಿ ಅಂದ್ಕೊಂಡ್ರಾ ಕ್ಯಾಮೆರಾನ? ನೋಡಿ, ಆಗಲೇ ಹೇಳಿದೆ, ಈಗಲೂ ಅದನ್ನೇ ಹೇಳ್ತೀನಿ. ಇಟ್ಟು ಹೋಗಿ. ಮುಂದಿನ ವಾರ ಬನ್ನಿ. ಸಾವಕಾಶವಾಗಿ ಬಿಚ್ಚಿ, ನೋಡಿ, ಏನಾಗಿದೆ ಅಂತ ಹೇಳ್ತೀನಿ… ಆಗಲ್ವಾ? ಈಗಲೇ? ನಿಮ್ಮೆದುರಿಗೇ? ಏನ್ರೀ ಇದು, ಹಲ್ಲು ಕೀಳಿಸೋಕೆ ಬಂದೋರೂ ಇಷ್ಟು ಅವಸರ ಮಾಡಲ್ಲ.

ಸರಿ, ಕೂತ್ಕೊಳ್ಳಿ. ಅದರ ಮೇಲೆ ಬೇಡ, ಒಂದು ಕಾಲು ಗಿಡ್ಡ ಅದಕ್ಕೆ. ಇಲ್ಲಿ… ಬೇಡ್ವಾ? ನಿಂತೇ ಇರ್ತೀರಾ? ನಿಲ್ಲಿ, ನಿಮ್ಮಿಷ್ಟ. ಕಿಟಕಿಗೆ ಮಾತ್ರ ಅಡ್ಡ ನಿಲ್ಲಬೇಡಿ, ನನಗೆ ಬೆಳಕು ಬೇಕು.

ಬ್ಯಾಗ್ ನೋಡಿದ ತಕ್ಷಣ ಗೊತ್ತಾಯ್ತು ನನಗೆ, ನಿಮ್ಮಣ್ಣಂದು ಅಂತ. ನಿಮ್ಮ ಗುರುತು ಹಿಡಿಯೋಕೆ ಸ್ವಲ್ಪ ಹೊತ್ತಾಯ್ತು, ಬೇಜಾರು ಮಾಡ್ಕೋಬೇಡಿ. ತಲೆಯೆಲ್ಲ ಬೆಳ್ಳಗಾಗಿದೆಯಲ್ಲ… ನಡಿಗೆ ಮಾತ್ರ ಅದೇ, ಹಿಮ್ಮಡಿ ನೆಲಕ್ಕೆ ತಾಗಿದ್ರೆ ಪಾಪ ಬರುತ್ತೆ ಅನ್ನೋ ಹಾಗೆ. ಊರೆಲ್ಲ ನಿಮ್ಮನ್ನ ‘ಚಿಗರೆ’ ಅಂತಿತ್ತು, ನೆನಪಿದೆಯಾ? ಚಿಗರೆ ಬಂತು, ದಾರಿ ಬಿಡ್ರೋ ಅಂತ… ಈಗ ಯಾರೂ ಹಾಗೆ ಕರೆಯಲ್ವಾ? ಹೋಗಲಿ ಬಿಡಿ.

ಹಾಗಾದ್ರೆ ನಿಮ್ಮತ್ತಿಗೆ ತಂದುಕೊಟ್ರು ಅನ್ನಿ. ನಿನ್ನೆ? ನಿಮ್ಮ ಮನೆ ಬಾಗಿಲಿಗೇ ಬಂದ್ರಾ? ಇಪ್ಪತ್ತಾರು ವರ್ಷದಿಂದ ಅಣ್ಣನ ಜೊತೆ ಮಾತಿಲ್ಲ ಕತೆಯಿಲ್ಲ, ಒಂದೇ ಊರಲ್ಲಿದ್ದು ಎದುರಿಗೆ ಬಂದ್ರೆ ರಸ್ತೆಯ ಆ ಕಡೆ ಹೋಗೋರು ನೀವು… ಆ ಯಮ್ಮ ಧೈರ್ಯ ಮಾಡಿ ಬಂದ್ರಲ್ಲ! ಏನಂದ್ರು? … ‘ಇದನ್ನ ಗಡಿಯಾರದವನ ಹತ್ರ ತಗೊಂಡು ಹೋಗು. ನಿನ್ನೆದುರಿಗೇ ಬಿಚ್ಚಿಸು. ಆಮೇಲೆ ನಿಮ್ಮಣ್ಣನ ಹತ್ರ ಬರಬೇಕು ಅನ್ನಿಸಿದ್ರೆ ಬಾ, ಇಲ್ಲದಿದ್ರೆ ಬೇಡ.’ ಇಷ್ಟೇನಾ? … ಭಾನುವಾರ? ಭಾನುವಾರ ಊರೇ ಬಿಡ್ತಿದ್ದಾರಾ? ನಿಮ್ಮಣ್ಣ ಫೋಟೋ ಸ್ಟುಡಿಯೋ ಖಾಲಿ ಮಾಡಿದ್ದು ಗೊತ್ತಿತ್ತು, ಊರು ಬಿಡೋದು ಗೊತ್ತಿರಲಿಲ್ಲ. ಮಗಳ ಹತ್ರ ಹೋಗ್ತಾರೇನೋ… ಇವತ್ತು ಶುಕ್ರವಾರ, ಅಲ್ವಾ?

ಹೂಂ. ಗಡಿಯಾರದವನು ಅಂದ್ರೆ ನಾನೇ. ಮೊದಲು ಕೈಗಡಿಯಾರ ರಿಪೇರಿ ಮಾಡ್ತಿದ್ನಲ್ಲ. ಆ ಹೆಸರಿಟ್ಟಿದ್ದೂ ನಿಮ್ಮಣ್ಣನೇ, ಗಡಿಯಾರ ಬಿಟ್ಟು ಕ್ಯಾಮೆರಾಕ್ಕೆ ಕೈ ಹಾಕು ಅಂದಿದ್ದೂ ನಿಮ್ಮಣ್ಣನೇ. ‘ಅದೂ ಹಲ್ಲಿನ ಚಕ್ರ, ಇದೂ ಹಲ್ಲಿನ ಚಕ್ರ, ಹೆದರಬೇಡ ಕಣೋ’ ಅಂದಿದ್ರು. ಈ ಅಂಗಡಿಗೆ ಬಂದ ಮೊದಲ ಹತ್ತು ಕ್ಯಾಮೆರಾ ಅವರು ಕಳಿಸಿದ್ದು… ಯಾಕೆ ಹಾಗೆ ನೋಡ್ತೀರಿ? ಮಾತಾಡಿದ್ರೆ ಕೈ ನಿಲ್ಲಲ್ಲ ನಂದು, ಎರಡೂ ಒಟ್ಟಿಗೇ ನಡೆಯುತ್ತೆ.

ನೋಡಿ, ಮೊದಲು ಒಳಗೆ ರೋಲ್ ಇದೆಯಾ ಅಂತ ನೋಡ್ಬೇಕು. ಇಲ್ಲ, ಖಾಲಿ. ಹಿಂದಿನ ಬಾಗಿಲು ತೆಗೆದೆ. ಲೆನ್ಸ್ ಬಿಚ್ಚಿದೆ. ಈಗ ಹಿಂದಿನಿಂದ ಕಣ್ಣಿಟ್ರೆ, ಇಲ್ಲಿ, ಕಪ್ಪು ಬಟ್ಟೆ ಕಾಣುತ್ತಲ್ಲ? ಅದೇ ಶಟರ್. ಬಟ್ಟೆಯ ಪರದೆ. ಬೆರಳು ಮುಟ್ಟಿಸಬೇಡಿ ಮಾತ್ರ… ಸುಕ್ಕಾಗಿದೆ, ನೋಡಿ, ಅಂಚಿನಲ್ಲಿ. ರಬ್ಬರ್ ಬಳಿದ ಬಟ್ಟೆ, ವರ್ಷಗಟ್ಟಲೆ ಬೀರುವಿನಲ್ಲಿ ಕೂತ್ರೆ ಹಪ್ಪಳ ಆಗಿಬಿಡುತ್ತೆ.

ಮೊದಲು ನಿಧಾನದ ಸ್ಪೀಡು ನೋಡೋಣ. ಒಂದು ಸೆಕೆಂಡಿಗೆ ಇಟ್ಟೆ. ಕೇಳಿಸ್ಕೊಳ್ಳಿ… ಜ್ರ್ ರ್ ರ್… ನಿಂತೇ ಹೋಯ್ತು! ನೋಡಿದ್ರಾ? ಪರದೆ ಅರ್ಧ ದಾರಿಯಲ್ಲಿ ನಿಂತಿದೆ. ಎಣ್ಣೆ ಒಣಗಿ ಅಂಟಾಗಿದೆ, ಚಕ್ರಗಳು ತಿರುಗೋಕೆ ಒದ್ದಾಡ್ತಿವೆ. ಸ್ವಲ್ಪ ತಟ್ಟಿದ್ರೆ… ಹಾಂ, ಮುಚ್ಕೊಳ್ತು. ವಯಸ್ಸು ಸಾರ್, ವಯಸ್ಸು. ನನ್ನ ಮಂಡಿಯೂ ಬೆಳಿಗ್ಗೆ ಎದ್ದಾಗ ಹೀಗೇ ಸದ್ದು ಮಾಡುತ್ತೆ.

ನಾನು ಹೇಳೋದು ಅದೇ. ಇವತ್ತು ಇದರಲ್ಲಿ ನೂರೆಂಟು ದೋಷ ಇರಬಹುದು. ಅದನ್ನ ನೋಡಿ ಇಪ್ಪತ್ತಾರು ವರ್ಷದ ಹಿಂದೆ ಹೀಗಿತ್ತು ಹಾಗಿತ್ತು ಅಂತ ಯಾರೂ ಹೇಳೋಕಾಗಲ್ಲ. ನಾನೂ ಹೇಳೋಕಾಗಲ್ಲ. ಆ ಯಮ್ಮಂಗೆ ಇದು ಗೊತ್ತಾಗಲ್ಲ, ಪಾಪ… ನಿಮಗಾದ್ರೂ ಗೊತ್ತಾಗಬೇಕು. … ಯಾಕೆ ನಗ್ತೀರಿ? ನಗೋ ಅಂಥದ್ದು ಏನು ಹೇಳಿದೆ ನಾನು?

ಆಯ್ತು ಆಯ್ತು, ಸಾವಿರವೇ ನೋಡೋಣ. ಅದಕ್ಕೇ ತಾನೆ ಬಂದಿರೋದು ನೀವು. ಸೆಕೆಂಡಿನ ಸಾವಿರದಲ್ಲೊಂದು ಭಾಗ. ಓಡೋರನ್ನ ಹಿಡಿಯೋಕೆ ಅದೇ ಬೇಕು, ಇಲ್ಲದಿದ್ರೆ ಕಾಲೆಲ್ಲ ಮಸುಕಾಗಿ ಬರುತ್ತೆ. ಅವತ್ತು ನಿಮ್ಮಣ್ಣ ಇಡೀ ರೋಲ್‌ನಲ್ಲಿ ಅದೊಂದೇ ಫೋಟೋ ಸಾವಿರದಲ್ಲಿ ತೆಗೆದಿದ್ದು. ನೂರು ಮೀಟರ್ ಫೈನಲ್, ಗುರಿಯ ದಾರ, ಒಂದೇ ಒಂದು ಕ್ಲಿಕ್. ಉಳಿದಿದ್ದೆಲ್ಲ ನೂರಿಪ್ಪತ್ತೈದು, ಇನ್ನೂರೈವತ್ತು. ಅದಕ್ಕೇ ಉಳಿದವೆಲ್ಲ ಚೆನ್ನಾಗಿ ಬಂದ್ವು, ಅದೊಂದರಲ್ಲಿ ಮಾತ್ರ…

ಗೊತ್ತು, ಗೊತ್ತು, ನೀವು ಹೇಳಬೇಕಾಗಿಲ್ಲ. ಆ ಫೋಟೋ ನನಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಏಳು ಜನ ನಿಚ್ಚಳವಾಗಿ ಇದ್ದಾರೆ. ಮೂರನೇ ಲೇನಿನವನ ಎದೆ ದಾರಕ್ಕೆ ತಾಗಿದೆ. ಎಂಟನೇ ಲೇನು, ಎಲ್ಲಕ್ಕಿಂತ ಹೊರಗಿನದು, ನಿಮ್ಮದು… ಅಲ್ಲಿ ಕತ್ತಲೆ. ಮೇಲಿಂದ ಕೆಳಗೆ ಕಪ್ಪು ಪಟ್ಟಿ. ನಿಮ್ಮದು ಒಂದು ಮೊಣಕೈ ಮಾತ್ರ ಕಾಣ್ತಿತ್ತು. ತೀರ್ಪುಗಾರರಲ್ಲಿ ಒಬ್ಬರು ಎಂಟು ಅಂದ್ರು, ಇಬ್ಬರು ಮೂರು ಅಂದ್ರು, ಫೋಟೋ ಬರಲಿ ನೋಡೋಣ ಅಂದ್ರು. ಫೋಟೋ ಬಂತು. ನೀವು ಅದರಲ್ಲಿ ಇರಲೇ ಇಲ್ಲ.

ಅದಕ್ಕಿಂತ ಕೆಟ್ಟದ್ದು ಅಂದ್ರೆ ಅವರು ನಿಮ್ಮಣ್ಣನನ್ನ ಕೇಳಿದ್ದು. ‘ನೀವೇ ಕಣ್ಣಿಟ್ಟು ನೋಡ್ತಿದ್ರಲ್ಲ, ಯಾರು ಮೊದಲು?’ ಅಂತ. ನಿಮ್ಮಣ್ಣ ‘ಆ ಕ್ಷಣ ನನಗೆ ಕಾಣಲಿಲ್ಲ’ ಅಂದ್ಬಿಟ್ರು. ನೀವು ಅಲ್ಲೇ ಕೆಂಡವಾದ್ರಿ. ಆದ್ರೆ ಸಾರ್, ಅದು ನಿಜ! ಇದು ಕನ್ನಡಿ ಇರೋ ಕ್ಯಾಮೆರಾ. ಗುಂಡಿ ಒತ್ತಿದ ತಕ್ಷಣ ಕನ್ನಡಿ ಮೇಲೇಳುತ್ತೆ, ಕಣ್ಣಿಗೆ ಕತ್ತಲೆ. ಯಾವ ಕ್ಷಣ ಫೋಟೋದಲ್ಲಿ ಬೀಳುತ್ತೋ, ತೆಗೆಯೋನಿಗೆ ಕಾಣದ ಕ್ಷಣ ಅದೊಂದೇ. ಯಾವ ಫೋಟೋಗ್ರಾಫರನ್ನಾದ್ರೂ ಕೇಳಿ… ನಾನು ಯಾಕೆ ಅವತ್ತೇ ಇದನ್ನ ಹೇಳಲಿಲ್ಲ ಅಂತೀರಾ? ನನ್ನನ್ನ ಯಾರೂ ಕೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಹೇಳಿದೆ ನಾನು.

ಇರಲಿ. ಇಲ್ಲಿ ಬನ್ನಿ. ಈಗ ಹೇಳ್ತೀನಿ ಕೇಳಿ. ಪರದೆ ಒಂದಲ್ಲ, ಎರಡು. ಮುಂದಿನದು ಓಡಿ ಬೆಳಕಿಗೆ ದಾರಿ ಬಿಡುತ್ತೆ, ಹಿಂದಿನದು ಅದರ ಬೆನ್ನಿಗೇ ಓಡಿ ಮುಚ್ಚುತ್ತೆ. ಅಣ್ಣ ಮುಂದೆ, ತಮ್ಮ ಹಿಂದೆ ಅಂತ ಇಟ್ಕೊಳ್ಳಿ. ಇಬ್ಬರ ನಡುವೆ ಒಂದು ಸೀಳು ಉಳೀಬೇಕು, ಈ ತುದಿಯಿಂದ ಆ ತುದಿವರೆಗೂ ಒಂದೇ ಸಮ. ಆ ಸೀಳಿನಲ್ಲೇ ಬೆಳಕು ಬೀಳೋದು. ತಮ್ಮ ಜಾಸ್ತಿ ಜೋರಾಗಿ ಓಡಿ ಅಣ್ಣನನ್ನ ಹಿಡಿದುಬಿಟ್ರೆ ಸೀಳೇ ಇರಲ್ಲ. ಅಲ್ಲಿಂದ ಆಚೆಗೆ ಕತ್ತಲೆ… ಮಾತಿಗೆ ಹೇಳಿದೆ ಸಾರ್, ಅಣ್ಣ ತಮ್ಮ ಅಂತ. ಎಲ್ಲರಿಗೂ ಹೀಗೇ ಹೇಳೋದು, ಬಾಯಿ ರೂಢಿ. ನಿಮ್ಮನ್ನ ಚುಚ್ಚೋಕಲ್ಲ.

ಈಗ ಸಾವಿರಕ್ಕಿಟ್ಟೆ. ಕಿಟಕಿ ಕಡೆ ಹಿಡೀತೀನಿ, ನೀವು ಹಿಂದಿನಿಂದ ನೋಡಿ. ಕಣ್ಣು ಮಿಟುಕಿಸಬೇಡಿ. ಒಂದು… ಎರಡು… ಚಟ್! ಏನು ಕಾಣಿಸ್ತು? … ಇನ್ನೊಂದು ಸಲ. ಚಟ್! … ಪೂರ್ತಿ ಬೆಳಕು, ಅಲ್ವಾ? ಈ ಅಂಚಿಂದ ಆ ಅಂಚಿನವರೆಗೆ? ನಾನೂ ನೋಡ್ತೀನಿ, ಕೊಡಿ… ಆಹಾ! ಎಳ್ಳಷ್ಟೂ ಕತ್ತಲೆ ಇಲ್ಲ. ಇಷ್ಟು ವರ್ಷ ಆದ್ರೂ ನೋಡ್ರಿ! ಅವತ್ತು ಆ ಫೋಟೋ ಬಂದಮೇಲೆ ಪರೀಕ್ಷೆಗೆ ಇದನ್ನ ಇಲ್ಲಿಗೆ ತಂದಾಗಲೂ ನಾನು ಹೇಳಿದ್ದು ಇದನ್ನೇ. ನಿಮ್ಮೆದುರಿಗೇ ಹೇಳಿದೆ, ನೀವು ಆ ಬಾಗಿಲಲ್ಲೇ ನಿಂತಿದ್ರಿ, ಓಟದ ಬೂಟು ಹೆಗಲಿಗೆ ನೇತುಹಾಕ್ಕೊಂಡು. ಕ್ರೀಡಾ ಸಮಿತಿ ಕಾರ್ಯದರ್ಶಿ ಕೇಳಿದ್ರು, ‘ಶಟರಿನಲ್ಲಿ ದೋಷ ಇದೆಯೇನಪ್ಪಾ?’ ನಾನು ಅಂದೆ, ‘ಬಿಚ್ಚೋ ಅಗತ್ಯವೇ ಬೀಳಲಿಲ್ಲ ಸಾರ್, ಬೆಳಕಿಗೆ ಹಿಡಿದು ನೋಡಿದೆ, ಸರಿಯಾಗಿದೆ.’ ಅಷ್ಟೇ. ನಾನು ನಿಮ್ಮಣ್ಣನ ಮೇಲೆ ಒಂದಕ್ಷರ ಆಡಲಿಲ್ಲ. ಕ್ಯಾಮೆರಾ ಸರಿಯಾಗಿದೆ ಅಂದೆ. ನಿಮ್ಮಣ್ಣ ಬೇಕಂತಲೇ ಲೆನ್ಸಿಗೆ ಕೈ ಅಡ್ಡ ಹಿಡಿದ್ರು, ತಮ್ಮ ಓಟ ಬಿಟ್ಟು ಸ್ಟುಡಿಯೋದಲ್ಲಿ ಕೂರಲಿ ಅಂತ ಹಾಗೆ ಮಾಡಿದ್ರು ಅಂತ ಅಂದಿದ್ದು ಊರು. ನಂಬಿದ್ದು ನೀವು.

ಮುಖ ಯಾಕೆ ಬಾಡಿಹೋಯ್ತು? … ಓ. ಕತ್ತಲೆ ಕಾಣಲಿ ಅಂತ ಬಂದಿದ್ರಾ? ನಿಮ್ಮಣ್ಣಂದು ತಪ್ಪಿಲ್ಲ ಅಂತ ಆಗಲಿ ಅಂತ? … ನನಗೆ… ನನಗೆ ಅದು ಹೊಳೀಲೇ ಇಲ್ಲ ನೋಡಿ. ಜಗಳ ತೀರಿಸ್ಕೊಳ್ಳೋಕೆ ಬಂದಿದ್ದೀರಿ ಅಂದ್ಕೊಂಡೆ. ಭಾನುವಾರದ ಒಳಗೆ ಹೋಗಬೇಕು ಅಂತ ಮನಸ್ಸಿದೆ ನಿಮಗೆ. ಹೋಗೋಕೆ ಒಂದು ಕಾರಣ ಬೇಕು, ಅಷ್ಟೇ. ಹಾಗೇ ಹೋಗಬಾರದಾ? ಅಣ್ಣ ತಾನೆ, ಕಾರಣ ಯಾಕೆ? … ಆಗಲ್ಲ ಅಂತೀರಿ. ‘ನನ್ನನ್ನ ಬೇಕಂತ ಅಳಿಸಿದವನ ಮನೆಗೆ ಹೇಗೆ ಹೋಗಲಿ’ ಅಂತೀರಿ. ಹೂಂ. ಅದೂ ಸರಿಯೇ.

ಏನ್ ಮಾಡೋದು, ಹೇಳಿ. ಯಂತ್ರ ಹೇಳಿದ್ದನ್ನ ನಾನು ಬದಲಾಯಿಸೋಕಾಗುತ್ತಾ? ತಗೊಳ್ಳಿ. ಲೆನ್ಸ್ ಹಾಕಿದೆ, ಬ್ಯಾಗಿನ ಜಿಪ್ ಕಿತ್ತಿದೆ, ಹುಷಾರು. ನಿಧಾನದ್ದು ಸರಿ ಮಾಡಿಸಬೇಕು ಅಂದ್ರೆ ಯಾವಾಗಾದ್ರೂ ತನ್ನಿ… ಬರ್ತೀರಾ? ಮೆಟ್ಟಿಲು ಎತ್ತರ, ನೋಡ್ಕೊಂಡು ಇಳೀರಿ.

ಏನು?

ಕೆಳ ಮುಚ್ಚಳ?

ಯಾವ ಕೆಳ ಮುಚ್ಚಳ? … ಓ, ಇದಾ. ಇದನ್ನ ಯಾಕೆ ತೆಗೀಬೇಕು? ಯಾರು ಹೇಳಿದ್ದು? … ಅತ್ತಿಗೆ ಹೇಳಿದ್ರಾ? ‘ಬೆಳಕಿಗೆ ಹಿಡಿದು ತೋರಿಸ್ತಾನೆ, ಅದನ್ನ ನೋಡಿ ಎದ್ದು ಬರಬೇಡ, ಕೆಳ ಮುಚ್ಚಳ ಬಿಚ್ಚಿಸು’ ಅಂತ? ಹಾಗೇ ಅಂದ್ರಾ? ಅದೇ ಮಾತಲ್ಲಿ?

ಅಲ್ಲ, ಅಡುಗೆ ಮನೇಲಿ ಇರೋ ಯಮ್ಮಂಗೆ ಕೆಳ ಮುಚ್ಚಳ, ಮೇಲು ಮುಚ್ಚಳ ಎಲ್ಲಾ ಹೇಗೆ… ಇಲ್ಲ, ತಮಾಷೆಗೆ ಅಂದೆ. ನೋಡಿ, ಅಲ್ಲೇನೂ ಇಲ್ಲ. ನಾಲ್ಕು ಚಕ್ರ, ಎರಡು ಸ್ಪ್ರಿಂಗಿನ ತುದಿ, ಧೂಳು. ಜೊತೆಗೆ ಈ ಸ್ಕ್ರೂ ತುಕ್ಕು ಹಿಡಿದಿದೆ, ತಲೆ ಹಾರಿಹೋದ್ರೆ ಆಮೇಲೆ ನನ್ನ ಮೇಲೆ ಬರುತ್ತೆ. ಸರಿಯಾದ ಸ್ಕ್ರೂಡ್ರೈವರ್ ಬೇರೆ ಎಲ್ಲಿಟ್ಟೆನೋ… ನಿಮ್ಮ ಕೈ ಪಕ್ಕದಲ್ಲೇ ಇದೆಯಾ? ಹೌದಲ್ಲ. ಇದೇ. ಕೊಡಿ.

ನೀವು ಕೂತ್ಕೊಂಡ್ಬಿಟ್ರಾ? ಆಗ ಕೂರಿ ಅಂದ್ರೆ ಕೂರಲಿಲ್ಲ!

ತೆಗೀತೀನಿ, ತೆಗೀತೀನಿ. ಒಂದು… ಎರಡು… ಮೂರನೇದು ಬಿಗಿ ಇದೆ… ಬಂತು. ಹಾಂ. ತಗೊಳ್ಳಿ, ನೋಡಿ, ಹೇಳಿದ್ನಲ್ಲ, ಚಕ್ರ, ಸ್ಪ್ರಿಂಗು, ಧೂಳು. ಈ ಎರಡು ಸಣ್ಣ ಹಲ್ಲಿನ ಚಕ್ರ ನೋಡಿ, ಒಂದು ಮುಂದಿನ ಪರದೆಯ ಬಿಗಿ, ಇನ್ನೊಂದು ಹಿಂದಿನ ಪರದೆಯ ಬಿಗಿ. ಅರ್ಧ ಸುತ್ತು ಹೆಚ್ಚು ಕಡಿಮೆ ಆದ್ರೂ ಓಟ ಬದಲಾಗುತ್ತೆ. ಆಯ್ತಲ್ಲ? ಮುಚ್ಚಲಾ?

ಇದಾ? ಇದು ಮುಚ್ಚಳ ಅಷ್ಟೇ. ಸಾದಾ ಹಿತ್ತಾಳೆ. ಕೊಳೆಯಾಗಿದೆ, ಒರೆಸಿ ಕೊಡ್ತೀನಿ, ತಡೀರಿ… ಬೇಡ್ವಾ? ಒರೆಸೋದೂ ಬೇಡ್ವಾ? ಕೈ ಬಿಡಿ ಸಾರ್. ಕೈ ಬಿಡಿ ಅಂದೆ… ಸರಿ. ತಗೊಳ್ಳಿ. ನೋಡ್ಕೊಳ್ಳಿ.

ಗೀರು ಅವು. ಹಳೇ ಸಾಮಾನಿನಲ್ಲಿ ಗೀರು ಇರಲ್ವಾ.

… ಅಕ್ಷರ ಅಂತೀರಾ. ಕಣ್ಣು ಚೆನ್ನಾಗಿದೆ ನಿಮ್ಮದು. ಹೂಂ, ಅಕ್ಷರವೇ. ಸೂಜಿಯಲ್ಲಿ ಗೀರಿದ್ದು. ನಮ್ಮ ಕೆಲಸದಲ್ಲಿ ಅದೊಂದು ಪದ್ಧತಿ. ನನಗೆ ಕಲಿಸಿದ ಮುದುಕ ಹೇಳ್ತಿದ್ದ, ‘ಏನು ತಿರುಗಿಸಿದ್ರೂ ಮುಚ್ಚಳದ ಒಳಗೆ ತಾರೀಖು ಹಾಕಿ ಬರಿ. ನಾಳೆ ಇದನ್ನ ಬಿಚ್ಚೋನು ಬೇರೆ ಯಾರೋ. ಅವನಿಗೆ ಮೋಸ ಆಗಬಾರದು.’ ಅದಕ್ಕೇ ಬರೀತೀವಿ. ಕೈಗೆ ಅಂಟಿಬಿಟ್ಟಿದೆ. ಮುಚ್ಚಳ ಹಾಕೋ ಮೊದಲು ಸೂಜಿ ತಾನಾಗೇ ಬೆರಳಿಗೆ ಬಂದಿರುತ್ತೆ.

ಜೋರಾಗಿ ಯಾಕೆ ಓದ್ತೀರಿ… ‘ಹತ್ತು. ಹಿಂದಿನ ಪರದೆ, ಅರ್ಧ ಸುತ್ತು ಬಿಗಿ.’ ಹೌದು. ಓಟದ ನಾಲ್ಕು ದಿನ ಮೊದಲು ನಿಮ್ಮಣ್ಣ ತಂದಿದ್ರು. ‘ನಮ್ಮ ಚಿಗರೆ ಫೈನಲ್ ಓಡ್ತಾನೆ, ಸಾವಿರ ಪಕ್ಕಾ ಇರಬೇಕು ನೋಡಪ್ಪಾ’ ಅಂದ್ರು. ಸರ್ವಿಸ್ ಮಾಡಿ ಕೊಟ್ಟೆ. ಅದರಲ್ಲಿ ಮುಚ್ಚಿಡೋದು ಏನಿದೆ?

ಅದರ ಕೆಳಗಿಂದು… ಅದು ಯಾವಾಗಿಂದೋ. ಬೇರೆ ಯಾವುದೋ ತಿಂಗಳು ಇರಬೇಕು… ತಿಂಗಳೂ ಬರೆದಿದೆಯಾ? ವರ್ಷ… ವರ್ಷವೂ ಇದೆ. ಇದ್ದೇ ಇರುತ್ತೆ. ಪೂರ್ತಿ ಬರೀಬೇಕು ಅಂತ ಮುದುಕನ ಕಟ್ಟಪ್ಪಣೆ.

ಹದಿನಾರು. ಅರ್ಧ ಸುತ್ತು ಸಡಿಲ.

…

ಹದಿನಾಲ್ಕನೇ ತಾರೀಖು ನಿಮ್ಮ ಓಟ. ಗೊತ್ತು ಸಾರ್, ಲೆಕ್ಕ ಬರುತ್ತೆ ನನಗೆ.

ಬೆಳಕಿಗೆ ಹಿಡಿದು ನೋಡೋವಾಗ ಸ್ವಲ್ಪ ಅನುಮಾನ ಬಂತು, ತೆಗೆದು ಧೂಳು ಊದಿದೆ, ಅಷ್ಟೇ ಅಂತ ಇಟ್ಕೊಳ್ಳಿ. … ಇಲ್ಲ. ಅಷ್ಟೇ ಅಲ್ಲ. ಹಾಗೆ ನೋಡಬೇಡಿ, ಹೇಳ್ತೀನಿ. ಬೈಯಿರಿ ಬೇಕಾದ್ರೆ.

ನನ್ನ ಹತ್ರ ಆಗ ಹೊಸದಾಗಿ ಒಂದು ಅಳೆಯೋ ಪೆಟ್ಟಿಗೆ ಬಂದಿತ್ತು. ಒಂದೇ ಕಣ್ಣಿನದು. ಚೌಕಟ್ಟಿನ ಮಧ್ಯಕ್ಕೆ ಇಟ್ರೆ ಸ್ಪೀಡು ಎಷ್ಟು ಅಂತ ಅಂಕಿ ತೋರಿಸೋದು. ಎಷ್ಟು ಜಂಬ ನನಗೆ ಅದರ ಮೇಲೆ! ನಿಮ್ಮಣ್ಣನ ಕ್ಯಾಮೆರಾ ಸಾವಿರಕ್ಕಿಟ್ರೆ ಏಳುನೂರು ತೋರಿಸ್ತು. ಹಿಂದಿನ ಪರದೆ ಅರ್ಧ ಸುತ್ತು ಬಿಗಿ ಮಾಡಿದೆ. ಸಾವಿರ! ಕರಾರುವಾಕ್ಕು ಸಾವಿರ. ಕುಣಿದಾಡಿಬಿಟ್ಟೆ. ಮಧ್ಯದಲ್ಲಿ ಸಾವಿರ ಕಣಯ್ಯಾ, ಮಧ್ಯದಲ್ಲಿ! ಅಂಚಿನಲ್ಲಿ ಏನಾಗ್ತಿದೆ ಅಂತ ನಾನು ನೋಡಲೇ ಇಲ್ಲ. ಕಿಟಕಿಗೆ ಹಿಡಿದು ಒಂದು ಸಲ ಕಣ್ಣಿಟ್ಟಿದ್ರೆ ಸಾಕಿತ್ತು, ನಿಮಗೆ ಈಗ ತೋರಿಸಿದ್ನಲ್ಲ, ಹಾಗೆ. ಅರ್ಧ ನಿಮಿಷದ ಕೆಲಸ. ಅಂಕಿ ಬಂದಮೇಲೆ ಕಣ್ಣು ಯಾಕೆ ಅಂದ್ಕೊಂಡೆ. ನೀನು ಅಂಚಿನಲ್ಲಿ ಓಡ್ತಿದ್ದೆ.

ಹದಿನಾರನೇ ತಾರೀಖು ಅವರೆಲ್ಲ ಬಂದು ಕ್ಯಾಮೆರಾ ಕೊಟ್ಟು, ಒಂದು ಗಂಟೆ ಬಿಟ್ಟು ಬರ್ತೀವಿ ಅಂತ ಹೋದ್ರು. ಕಿಟಕಿಗೆ ಹಿಡಿದೆ. ಚಟ್ ಅನ್ನಿಸಿದೆ. ಅಂಚು ಕಪ್ಪು. ಮತ್ತೆ ಮತ್ತೆ ಅನ್ನಿಸಿದೆ, ಕಪ್ಪು, ಕಪ್ಪು, ಕಪ್ಪು… ಅಂಗಡಿ ಹಾಕಿ ಆರು ತಿಂಗಳೂ ಆಗಿರಲಿಲ್ಲ. ಊರಿನ ಎಲ್ಲ ಸ್ಟುಡಿಯೋದವರೂ ಅವತ್ತು ಕೆಳಗೆ ರಸ್ತೆಯಲ್ಲೇ ನಿಂತಿದ್ರು, ಏನು ಹೇಳ್ತಾನೋ ನೋಡೋಣ ಅಂತ. ಗಡಿಯಾರದವನು ಓಟವನ್ನೇ ಹಾಳುಮಾಡಿದ ಅಂತ ಆದ್ರೆ ನನ್ನ ಹತ್ರ ಮತ್ತೆ ಯಾರು ಬರ್ತಾರೆ? ಬಿಚ್ಚಿದೆ. ಸಡಿಲ ಮಾಡಿದೆ. ಕೈ ತಾನಾಗೇ ಸೂಜಿ ತಗೊಂಡು ಬರೆಯಿತು, ಮುಚ್ಚಳ ಹಾಕಿದೆ. ಬರೆದಿದ್ದು ನನಗೆ ಗೊತ್ತೇ ಆಗಲಿಲ್ಲ ಕಣೋ! ಕದ್ದು ಮಾಡೋ ಕೆಲಸಕ್ಕೂ ತಾರೀಖು ಹಾಕಿ ಬರೆದಿಟ್ಟ ಕಳ್ಳ ಯಾರಾದ್ರೂ ಇದ್ದಾನಾ ಲೋಕದಲ್ಲಿ?

‘ಸರಿಯಾಗಿದೆ’ ಅಂದೆ. ಒಂದೇ ಮಾತು. ಒಂದು ವಾರ ಮುನಿಸಿಕೊಂಡಿರ್ತಾರೆ, ಆಮೇಲೆ ಅಣ್ಣ ತಮ್ಮ ಒಂದಾಗ್ತಾರೆ ಅಂದ್ಕೊಂಡೆ. ಎಷ್ಟು ದಿನ ಅಂತ ಮಾತು ಬಿಡ್ತಾರೆ ಒಂದು ಹೊಟ್ಟೆಯಲ್ಲಿ ಹುಟ್ಟಿದೋರು? ವಾರ ಹೋಯ್ತು, ತಿಂಗಳು ಹೋಯ್ತು… ನೀನು ಗೆದ್ದಿದ್ಯೋ ಇಲ್ವೋ ನನಗೆ ಗೊತ್ತಿಲ್ಲ, ಚಿಗರೆ. ಯಾರಿಗೂ ಗೊತ್ತಾಗಲ್ಲ ಇನ್ನು. ಆದ್ರೆ ನಿಮ್ಮಣ್ಣ ಕೈ ಅಡ್ಡ ಹಿಡೀಲಿಲ್ಲ. ಅವರು ಮಾಡಿದ ತಪ್ಪು ಒಂದೇ, ನನ್ನ ಕೈಗೆ ಕ್ಯಾಮೆರಾ ಕೊಟ್ಟಿದ್ದು. ನಾಚಿಕೆ ಆಗುತ್ತೆ ನನಗೆ. ಹೇಳ್ಕೊಂಡ್ರೂ ಕಡಿಮೆ ಆಗ್ತಿಲ್ಲ.

ಮುಚ್ಚಳ ಕರ್ಚೀಫಿನಲ್ಲಿ ಸುತ್ತಿಟ್ಕೊಂಡ್ಯಾ. ಇಟ್ಕೋ. ತೋರಿಸು ಅವರಿಗೆ. ಹೋಗು, ಈಗಲೇ ಹೋಗು, ಭಾನುವಾರದವರೆಗೂ ಯಾಕೆ? ಆಟೋ ಬೇಕಾದ್ರೆ ಇಲ್ಲೇ ಮೂಲೆಯಲ್ಲಿ ಸಿಗುತ್ತೆ… ಯಾಕೆ ನಿಂತೆ? ಹೋಗೋದೇ ತಾನೆ? ಬಾಗಿಲಲ್ಲಿ ನಿಂತು ಇನ್ನೇನು ನೋಡ್ತೀಯ? ಇನ್ನೇನೂ ಇಲ್ಲ ಇಲ್ಲಿ. ಎಲ್ಲಾ ಹೇಳಿದೆ.

…

ಎಲ್ಲಾ ಹೇಳಿದೆ ಅಂದ್ನಲ್ಲ.

ಅತ್ತಿಗೆಗೆ ಹೇಗೆ ಗೊತ್ತಿತ್ತು ಅಂತಾನಾ? ಮುಚ್ಚಳದ ಒಳಗೆ ಬರೆದಿದೆ ಅಂತ? … ಯಾರಿಗೆ ಗೊತ್ತು. ಮನೇಲಿ ಯಾವಾಗಲೋ ಬಿಚ್ಚಿರಬೇಕು. ಸ್ಕ್ರೂ ತಲೆ ನೋಡು, ಯಾರೋ ದೊಡ್ಡ ಸ್ಕ್ರೂಡ್ರೈವರ್ ಹಾಕಿ ಕೆರೆದಿದ್ದಾರೆ, ನನ್ನ ಕೈ ಅಲ್ಲ ಅದು… ಹೂಂ. ನಿಮ್ಮಣ್ಣನೇ ಬಿಚ್ಚಿದ್ದು. ನನಗೆ ಗೊತ್ತು. ಓಟ ಆಗಿ ಒಂದು ತಿಂಗಳಿಗೆ ಬಿಚ್ಚಿದ್ರು.

ಹೌದು, ಬಂದಿದ್ರು. ಇಲ್ಲಿಗೇ. ಆ ಮುಚ್ಚಳ ಈ ಮೇಜಿನ ಮೇಲೆ ಇಟ್ರು. ಕೂಗಾಡಲಿಲ್ಲ, ಕುತ್ತಿಗೆಪಟ್ಟಿ ಹಿಡೀಲಿಲ್ಲ. ನಾನು ಕಾಲು ಹಿಡ್ಕೊಂಡೆ. ಅವರು ಎಬ್ಬಿಸಿ ಏನಂದ್ರು ಗೊತ್ತಾ? ‘ಊರಿಗೆ ಹೇಳಬೇಡ, ನಿನ್ನ ಅಂಗಡಿ ನಡೀಲಿ. ಅವನಿಗೊಬ್ಬನಿಗೆ ಹೇಳು. ನಾನು ತೋರಿಸಿದ್ರೆ ನಾನೇ ಗೀರಿಕೊಂಡು ಬಂದಿದ್ದೀನಿ ಅಂತಾನೆ, ನನ್ನನ್ನ ಹೊಸಿಲು ದಾಟಿಸಲ್ಲ. ನಿನ್ನ ಬಾಯಿಂದ ಕೇಳಿದ್ರೆ ನಂಬ್ತಾನೆ.’ ಅಷ್ಟೇ ಕೇಳಿದ್ದು. ಹೇಳ್ತೀನಿ ಅಣ್ಣಾ ಅಂದೆ. ಅವರು ನಂಬಿ ಹೋದ್ರು. ಇವತ್ತಿನವರೆಗೂ ಊರಿಗೆ ಅವರು ಒಂದು ಮಾತು ಆಡಿಲ್ಲ.

ಮಾರನೇ ದಿನ ಮೈದಾನಕ್ಕೆ ಬಂದೆ. ಹೇಳೋಕೇ ಬಂದಿದ್ದೆ, ಆಣೆ ಮಾಡ್ತೀನಿ ಬೇಕಾದ್ರೆ. ನೀನೊಬ್ಬನೇ ಕೂತಿದ್ದೆ ಕಲ್ಲಿನ ಮೆಟ್ಟಿಲ ಮೇಲೆ, ಅವತ್ತೇ ಓಟ ಬಿಟ್ಟಿದ್ದು ನೀನು, ಅಲ್ವಾ? … ನನ್ನ ಕಂಡ ತಕ್ಷಣ ಎದ್ದು ಬಂದೆ. ನಾನು ಬಾಯಿ ತೆಗೆಯೋ ಮೊದಲೇ ನೀನು ನನ್ನ ಎರಡೂ ಕೈ ಹಿಡ್ಕೊಂಡೆ. ‘ಈ ಊರಲ್ಲಿ ನನಗೆ ನಿಜ ಹೇಳಿದವನು ನೀನೊಬ್ಬನೇ’ ಅಂದೆ.

ನೆನಪಿದೆ ನಿನಗೆ. ಅದನ್ನೇ ಯೋಚಿಸ್ತಿದ್ದೀಯ ಇಷ್ಟು ಹೊತ್ತಿಂದ.

ನಾನು ಕೈ ಬಿಡಿಸಿಕೊಳ್ಳಲಿಲ್ಲ. ‘ಇರಲಿ ಬಿಡು’ ಅಂದೆ. ಇರಲಿ ಬಿಡು ಅಂದೆ ಕಣೋ ನಾನು ನಿನಗೆ!

… ಏನು ನೋಡ್ತೀಯ? ಹೌದು. ಇದೇ ಕೈ.